ತೆರೆಯ ಈಚೆ ಕೂತವರು

‘ಸತಿ ಸುಲೋಚನಾ’ ಎಂದರೆ ಕನ್ನಡಿಗರಿಗೆ ನೆನಪಾಗುವುದು 1934ರ ಮಾರ್ಚ್ 3. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾವ್ ರಾವಣ, ತ್ರಿಪುರಾಂಬ ಸುಲೋಚನೆ. ಕನ್ನಡದ ಮೊದಲ ಮಾತಿನ ಸಿನಿಮಾ ತೆರೆ ಕಂಡ ದಿನ ಅದು. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ಎಂಬುದೂ ಸಿನಿಮಾ ಚರಿತ್ರೆ ಓದಿದವರಿಗೆ ಗೊತ್ತು. ಅದೇ ಮರಾಠಿ ನಾಡಿನಲ್ಲಿ, ಅದೇ ದಶಕದಲ್ಲಿ, ಅದೇ ಹೆಸರಿನ ಇನ್ನೊಂದು ಸಿನಿಮಾ ತಯಾರಾದ ಸಂಗತಿ ಮಾತ್ರ ನಮ್ಮಲ್ಲಿ ಅಷ್ಟಾಗಿ ಸುದ್ದಿಯಾಗಿಲ್ಲ. ನಾಸಿಕ್‌ನ ಗೋದಾವರಿ ಸಿನಿಟೋನ್ ಕಂಪನಿಯ ಆ ಚಿತ್ರಕ್ಕೆ ಚಿತ್ರಕಥೆ ಬರೆದವರು ಇಪ್ಪತ್ತರ ಹರೆಯದ ಒಬ್ಬ ಕವಿ. ಬರೆದದ್ದು ಸಾಲದೆಂದು ಬಣ್ಣವನ್ನೂ ಹಚ್ಚಿದರು. ಪಾತ್ರ ಲಕ್ಷ್ಮಣನದು. ಕಥಾನಾಯಕಿಯ ಗಂಡನನ್ನು ಕೊಲ್ಲುವ ಪಾತ್ರ, ಹಾಗಾಗಿ ಪ್ರೇಕ್ಷಕರ ಅನುಕಂಪ ಸಿಗುವ ಸಂಭವ ಕಡಿಮೆ. ಸಿನಿಮಾ ಓಡಲಿಲ್ಲ.

ಆ ಕವಿ ವಿ.ವಾ. ಶಿರವಾಡಕರ್, ಕಾವ್ಯನಾಮ ಕುಸುಮಾಗ್ರಜ. ಮುಂದೆ 1987ರ ಜ್ಞಾನಪೀಠ ಅವರಿಗೆ ಬಂತು. ಹುಟ್ಟಿದ ದಿನ, ಫೆಬ್ರುವರಿ 27, ಮರಾಠಿ ಭಾಷಾ ದಿನವಾಯಿತು. ಅವರು ಬಾಲ್ಯ ಕಳೆದದ್ದು ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಪಿಂಪಳಗಾಂವ್ ಬಸವಂತದಲ್ಲಿ.

ನಿಫಾಡ್ ಸಿನಿಮಾದಿಂದ ಹೆಸರಾದ ಊರಲ್ಲ. ಮನಮಾಡದ ಕಡೆ ಹೋಗುವ ರೈಲು ನಾಸಿಕ್ ರೋಡ್ ಬಿಟ್ಟ ಮೇಲೆ ಎರಡೂ ಬದಿ ದ್ರಾಕ್ಷಿ ಚಪ್ಪರ, ಕಬ್ಬು, ಈರುಳ್ಳಿ. ದೇಶದ ಅಡುಗೆಮನೆಗಳಿಗೆ ಈರುಳ್ಳಿ ಎಷ್ಟಕ್ಕೆ ಸಿಗಬೇಕೆಂದು ತೀರ್ಮಾನವಾಗುವ ಲಾಸಲ್‌ಗಾಂವ್ ಮಾರುಕಟ್ಟೆ ಇದೇ ತಾಲ್ಲೂಕಿನದು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಹುಟ್ಟಿದ್ದು ನಿಫಾಡ್‌ನಲ್ಲಿ, 1842ರಲ್ಲಿ. ಚಳಿಗಾಲದಲ್ಲಿ ಪಾದರಸ ಕುಸಿದರೆ ಮಹಾರಾಷ್ಟ್ರದ ಪತ್ರಿಕೆಗಳಲ್ಲಿ ಮೊದಲು ಕಾಣುವ ಹೆಸರೂ ಇದರದೇ. ಆದರೆ ತ್ರ್ಯಂಬಕೇಶ್ವರದಲ್ಲಿ ಹುಟ್ಟಿದ ಗೋದಾವರಿ ನಾಸಿಕ್ ದಾಟಿ ಇಲ್ಲಿಗೆ ಬಂದು ನಾಂದೂರ್ ಮಧ್ಯಮೇಶ್ವರದ ಕಟ್ಟೆಯಲ್ಲಿ ನಿಲ್ಲುತ್ತಾಳೆ. ಅದೇ ತ್ರ್ಯಂಬಕೇಶ್ವರದಲ್ಲಿ 1870ರ ಏಪ್ರಿಲ್ 30ರಂದು ಹುಟ್ಟಿದವರು ಧುಂಡಿರಾಜ ಗೋವಿಂದ ಫಾಲ್ಕೆ. ಹಾಗಾಗಿ ಈ ಹೊಳೆಯ ದಂಡೆಯ ಊರುಗಳಲ್ಲಿ ಸಿನಿಮಾದ ಮಾತು ಎತ್ತಿದರೆ ಅದು ಬಲು ಬೇಗ ಫಾಲ್ಕೆಯವರಿಗೆ ತಲುಪುತ್ತದೆ.

ಅದಕ್ಕೆ ಮೊದಲು ಎರಡು ಸುಲೋಚನೆಯರ ಬಗ್ಗೆ ಇನ್ನೊಂದು ಮಾತು. ಕನ್ನಡದ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಉಳಿದಿಲ್ಲ. ಅದರ ಬಗ್ಗೆ ಇಂದು ಏನಾದರೂ ಬರೆಯಬೇಕೆಂದರೆ ಆಗಿನ ಜಾಹೀರಾತು, ಪತ್ರಿಕೆಯ ನಾಲ್ಕು ಸಾಲು, ನಾಗೇಂದ್ರರಾವ್ ಅಂಥವರ ನೆನಪು, ನೋಡಿ ಬಂದವರು ಮನೆಯಲ್ಲಿ ಹೇಳಿದ್ದು, ಇಷ್ಟರ ಮೇಲೆಯೇ ಬರೆಯಬೇಕು. ರೀಲು ಕರಗಿಹೋದ ಮೇಲೆ ನೋಡಿದವರು ಬರೆದಿಟ್ಟದ್ದಷ್ಟೇ ಸಿನಿಮಾ. ಸಿನಿಮಾ ನೋಡಿ ಬರೆಯುವ ಕಸುಬನ್ನು ಹಗುರವಾಗಿ ಕಾಣುವವರು ಈ ಲೆಕ್ಕವನ್ನು ಮರೆಯುತ್ತಾರೆ. ಬರೆಯುವವರೂ ಮರೆಯುತ್ತಾರೆ, ಅದು ಬೇರೆ ವಿಷಯ.

ಫಾಲ್ಕೆಯವರನ್ನು ಭಾರತೀಯ ಸಿನಿಮಾದ ಪಿತಾಮಹ ಎಂದು ಕರೆಯುವುದು ರೂಢಿ. ನಾಸಿಕ್‌ನ ಪಾಂಡವಲೇಣಿ ಗುಡ್ಡದ ಬುಡದಲ್ಲಿ ಅವರ ಸ್ಮಾರಕವಿದೆ, ಅವರ ಹೆಸರಿನಲ್ಲಿ ದೇಶದ ಅತ್ಯುನ್ನತ ಸಿನಿಮಾ ಪ್ರಶಸ್ತಿಯಿದೆ. 1995ನೇ ಸಾಲಿನದು ಡಾ. ರಾಜ್‌ಕುಮಾರ್ ಅವರಿಗೂ, 2008ನೇ ಸಾಲಿನದು ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೂ ಸಂದಿತು. ಆದರೆ ನಿರ್ದೇಶಕ ಫಾಲ್ಕೆಯವರಿಗಿಂತ ಮೊದಲು ಒಬ್ಬ ಪ್ರೇಕ್ಷಕ ಫಾಲ್ಕೆ ಇದ್ದರು, ಮತ್ತು ಆ ಪ್ರೇಕ್ಷಕ ತನಗಾದದ್ದನ್ನು ಬರೆದಿಟ್ಟರು.

ಮುಂಬೈಯ ಗಿರ್‌ಗಾಂವ್‌ನಲ್ಲಿ ‘ಅಮೆರಿಕಾ ಇಂಡಿಯಾ ಪಿಕ್ಚರ್ ಪ್ಯಾಲೇಸ್’ ಎಂಬ ಡೇರೆ ಸಿನಿಮಾ ಇತ್ತು. ನಲವತ್ತು ದಾಟಿದ ಫಾಲ್ಕೆಯವರಿಗೆ ಆಗ ಕೈಯಲ್ಲಿ ಕೆಲಸವಿರಲಿಲ್ಲ. ಜೆ.ಜೆ. ಕಲಾಶಾಲೆಯಲ್ಲಿ ಓದು, ಬರೋಡೆಯ ಕಲಾಭವನದಲ್ಲಿ ತರಬೇತಿ, ಫೋಟೊ ಸ್ಟುಡಿಯೊ, ಜಾದೂ ಪ್ರದರ್ಶನ, ಮುದ್ರಣಾಲಯ ಎಲ್ಲವೂ ಮುಗಿದಿತ್ತು. ಕೊನೆಯದರಲ್ಲಿ ಪಾಲುದಾರರೊಡನೆ ಹೊಂದಿಕೆಯಾಗದೆ ಹೊರಬಂದಿದ್ದರು. ಜಾದೂಗಾರನಾಗಿ ಅವರು ಇಟ್ಟುಕೊಂಡ ಹೆಸರು ‘ಪ್ರೊಫೆಸರ್ ಕೇಲ್ಫಾ’, ಅವರದೇ ಮನೆತನದ ಹೆಸರು ತಿರುಗುಮುರುಗಾಗಿ. ಮೊದಲ ದಿನ ಹಿರಿಯ ಮಗ ಭಾಲಚಂದ್ರನ ಜೊತೆ ಪ್ರಾಣಿಗಳ ಚಿತ್ರವೊಂದನ್ನು ನೋಡಿ ಬಂದರು. ಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಮರುದಿನ ಹೆಂಡತಿ ಸರಸ್ವತಿಬಾಯಿಯವರನ್ನೂ ಕರೆದುಕೊಂಡು ಹೋದರು. ಅಂದು ತೋರಿಸಿದ್ದು ಕ್ರಿಸ್ತನ ಜೀವನ. ಅದು 1910ರ ಕ್ರಿಸ್‌ಮಸ್ಸೋ 1911ರ ಈಸ್ಟರೋ ಎಂಬ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ತೆರೆಯ ಮೇಲೆ ಏಸು ನಡೆದಾಡುತ್ತಿದ್ದಾಗ ತನ್ನ ಕಣ್ಣಿಗೆ ಕೃಷ್ಣ, ರಾಮ, ಗೋಕುಲ, ಅಯೋಧ್ಯೆ ಕಾಣುತ್ತಿದ್ದವೆಂದು ಫಾಲ್ಕೆ ಮುಂದೆ ಬರೆದರು. ಆಟ ಮುಗಿದ ಮೇಲೆ ಇನ್ನೊಂದು ಟಿಕೆಟು ಕೊಂಡು ಅದನ್ನೇ ಮತ್ತೆ ನೋಡಿದರು.

ಆ ಎರಡನೆಯ ಟಿಕೆಟಿನ ಮೇಲೆ ಒಂದು ಕ್ಷಣ ಕಣ್ಣಿಡಬೇಕು. ಮೊದಲ ಬಾರಿ ನೋಡಿದವನು ಭಕ್ತ, ಎರಡನೆಯ ಬಾರಿ ಕೂತವನು ಕಸುಬುದಾರ. ಸಿನಿಮಾ ಹುಚ್ಚು ಹಿಡಿದವರೆಲ್ಲ ಈ ಎರಡನೇ ನೋಟದ ರುಚಿ ಬಲ್ಲರು. ಕಥೆ ಗೊತ್ತಿದೆ, ಇನ್ನೀಗ ಅದು ಹೇಗೆ ಕಟ್ಟಿಕೊಂಡಿದೆ ಎಂದು ನೋಡುವ ಹೊತ್ತು. ಫಾಲ್ಕೆ ಆ ನೋಟವನ್ನು ಚಟವಾಗಿ ಬೆಳೆಸಿಕೊಂಡರು. ಮುಂಬೈಯಲ್ಲಿ ಬಂದ ಚಿತ್ರಗಳನ್ನೆಲ್ಲ ನೋಡತೊಡಗಿದರು, ದಿನಕ್ಕೆ ನಾಲ್ಕೈದು ಗಂಟೆ. ಫಿಲಂ ತುಂಡುಗಳನ್ನು ತಂದು ಮನೆಯಲ್ಲಿ ಭೂತಗನ್ನಡಿ ಹಿಡಿದು ಪರೀಕ್ಷಿಸಿದರು. ನಿದ್ದೆ ಕಡಿಮೆಯಾಯಿತು, ಕಣ್ಣು ಕೈಕೊಟ್ಟಿತು. ಒಂದಷ್ಟು ಕಾಲ ಏನೂ ಕಾಣದ ಸ್ಥಿತಿ. ಡಾಕ್ಟರ್ ಪ್ರಭಾಕರ್ ಎಂಬ ವೈದ್ಯರು ಚಿಕಿತ್ಸೆ ಮಾಡಿ, ಒಂದಲ್ಲ, ಹಲವು ಕನ್ನಡಕಗಳನ್ನು ಕೊಟ್ಟು ದೃಷ್ಟಿ ಮರಳಿಸಿದರು. ಸಿನಿಮಾ ನೋಡಿ ಕಣ್ಣು ಹಾಳಾಗುತ್ತದೆಂದು ಗದರುವ ಹಿರಿಯರ ಬಳಿ ಇದಕ್ಕಿಂತ ದೊಡ್ಡ ಸಾಕ್ಷಿ ಇರಲಾರದು.

ಕಣ್ಣು ಬಂದ ಕೂಡಲೇ ವಿಮಾ ಪಾಲಿಸಿ ಅಡವಿಟ್ಟು 1912ರ ಫೆಬ್ರುವರಿಯಲ್ಲಿ ಲಂಡನ್ನಿಗೆ ಹೊರಟರು. ಅಲ್ಲಿ ಅವರು ಹುಡುಕಿಕೊಂಡು ಹೋದದ್ದು ‘ಬಯೋಸ್ಕೋಪ್’ ಎಂಬ ಸಿನಿಮಾ ಪತ್ರಿಕೆಯ ಕಚೇರಿಯನ್ನು. ಸಂಪಾದಕ ಕ್ಯಾಬೋರ್ನ್ ಮೊದಲು ಬೇಡವೆಂದೇ ಬುದ್ಧಿ ಹೇಳಿದರಂತೆ. ಆಮೇಲೆ ಅವರೇ ಸೆಸಿಲ್ ಹೆಪ್‌ವರ್ಥ್ ಅವರ ವಾಲ್ಟನ್ ಸ್ಟುಡಿಯೊಗೆ ಪರಿಚಯ ಮಾಡಿಸಿದರು. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರದ ಹುಟ್ಟಿನಲ್ಲಿ ಹೀಗೆ ಒಬ್ಬ ಸಿನಿಮಾ ಪತ್ರಕರ್ತನ ಕೈಯೂ ಇದೆ. ವಿಲಿಯಮ್ಸನ್ ಕ್ಯಾಮೆರಾ ಹೊತ್ತು ಏಪ್ರಿಲ್‌ನಲ್ಲಿ ಫಾಲ್ಕೆ ವಾಪಸಾದರು.

1913ರ ಮೇ 3ರಂದು ಗಿರ್‌ಗಾಂವ್‌ನ ಕಾರೊನೇಶನ್‌ನಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ತಾರಾಮತಿಯಾದದ್ದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಗಂಡಸು. ಸರಸ್ವತಿಬಾಯಿ ಆ ಪಾತ್ರ ಒಲ್ಲೆನೆಂದು, ಅದರ ಬದಲು ಇಡೀ ತಂಡಕ್ಕೆ ಅಡುಗೆ ಮಾಡಿ, ರಾತ್ರಿ ಫಿಲಮ್ಮಿನ ಅಂಚಿಗೆ ತೂತು ಕೊರೆಯುತ್ತಿದ್ದರು. ಜಾಹೀರಾತು ನೋಡಿದರೆ ಅಂದಿನ ಆಟದಲ್ಲಿ ಸಿನಿಮಾ ಒಂದೇ ಇರಲಿಲ್ಲ: ಮಿಸ್ ಐರೀನ್ ಡೆಲ್ಮಾರ್ ನೃತ್ಯ, ಮೆಕ್ಲೆಮೆಂಟ್ಸ್ ಹಾಸ್ಯ, ಕಾಲಿನಲ್ಲೇ ಚಮತ್ಕಾರ ತೋರುವ ಅಲೆಕ್ಸಾಂಡರ್. ಹರಿಶ್ಚಂದ್ರನ ಸಂಕಟ ನೋಡುವ ಮೊದಲೋ ನಂತರವೋ ಈ ಮೇಜವಾನಿ. ಸೂರತ್ತಿನಲ್ಲಿ ಜನ ಬರದೆ ಹೋದಾಗ ಫಾಲ್ಕೆ ಜಾಹೀರಾತಿನ ವರಸೆ ಬದಲಿಸಿದರು: ಐವತ್ತೇಳು ಸಾವಿರ ಫೋಟೊ, ಎರಡು ಮೈಲಿ ಉದ್ದದ ಚಿತ್ರ, ಎಲ್ಲ ಬರೀ ಮೂರಾಣೆಗೆ. ಕೂಡಿ ನೋಡಿದರೆ ಫೋಟೊ ಲೆಕ್ಕ ಪ್ರಾಮಾಣಿಕ. 35 ಎಂ.ಎಂ. ಫಿಲಮ್ಮಿನಲ್ಲಿ ಅಡಿಗೆ ಹದಿನಾರು ಚೌಕಟ್ಟು, ಸಿನಿಮಾದ ಉದ್ದ ಸುಮಾರು 3,700 ಅಡಿ. ಎರಡು ಮೈಲಿ ಆಗಬೇಕಾದರೆ ಹತ್ತು ಸಾವಿರ ಅಡಿ ದಾಟಬೇಕಿತ್ತು. ಪೋಸ್ಟರಿನ ಉತ್ಪ್ರೇಕ್ಷೆಗೂ ಪಿತಾಮಹರು ಅವರೇ.

ಅದೇ ವರ್ಷ ಅವರು ನಾಸಿಕ್‌ಗೆ ಬಂದರು. ಘಾಟು, ಹೊಳೆ, ಕಾಡು, ಹಳೆಯ ಗುಡಿ ಎಲ್ಲವೂ ಪುಕ್ಕಟೆ ಸೆಟ್ಟು. ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾಬಾಯಿ ನಟಿಸಿದರು, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದಳು. ಆದರೂ 1917ರ ‘ಲಂಕಾ ದಹನ’ಕ್ಕೆ ಮತ್ತೆ ಸಾಳುಂಕೆಯೇ ಬೇಕಾಯಿತು, ರಾಮನೂ ಅವನೇ, ಸೀತೆಯೂ ಅವನೇ. ಆ ವರ್ಷದ ಕೊನೆಯಲ್ಲಿ ಫಾಲ್ಕೆ ‘ನವಯುಗ’ ಎಂಬ ಮರಾಠಿ ಮಾಸಪತ್ರಿಕೆಗೆ ಭಾರತೀಯ ಚಲನಚಿತ್ರದ ಮೇಲೆ ಲೇಖನಮಾಲೆ ಬರೆದರು. ಗಿರ್‌ಗಾಂವ್ ಡೇರೆಯ ಆ ಸಂಜೆ ನಮಗೆ ಸಿಕ್ಕಿರುವುದು ಅದರಿಂದಲೇ. ಅದನ್ನು ವಿಮರ್ಶೆ ಎನ್ನಲು ಕೆಲವರು ಹಿಂಜರಿಯಬಹುದು. ಆದರೆ ಸಿನಿಮಾ ತೋರಿಸಿದ್ದೇನು, ನೋಡಿದವನ ಒಳಗೆ ಎದ್ದದ್ದೇನು ಎಂಬುದನ್ನು ಬೇರೆ ಬೇರೆಯಾಗಿ ಹೇಳಿರುವ ರೀತಿ ನೋಡಿದರೆ ಇಂದಿನ ಬಹಳಷ್ಟು ವಿಮರ್ಶೆಗಳಿಗಿಂತ ಅದು ಒಂದು ಮೆಟ್ಟಿಲು ಮೇಲೆಯೇ ಇದೆ.

ಇನ್ನು ಖಾರವಾದ ವಿಮರ್ಶೆ ಬೇಕೆಂದರೆ ಅದಕ್ಕೂ ಫಾಲ್ಕೆಯವರ ಬಳಿಯೇ ಹೋಗಬೇಕು. ಬ್ರಿಟಿಷ್ ಸರ್ಕಾರ ಟಿ. ರಂಗಾಚಾರಿಯರ್ ಅಧ್ಯಕ್ಷತೆಯಲ್ಲಿ 1927ರಲ್ಲಿ ಸಿನಿಮಾ ವಿಚಾರಣಾ ಸಮಿತಿ ನೇಮಿಸಿತು. ಅದರ ಮುಂದೆ ಫಾಲ್ಕೆ ಕೊಟ್ಟ ಉತ್ತರದಲ್ಲಿ ಮುಲಾಜಿಲ್ಲ: ಇಲ್ಲಿನ ಚಿತ್ರಗಳಲ್ಲಿ ತಂತ್ರವೂ ಇಲ್ಲ ಕಲೆಯೂ ಇಲ್ಲ, ನಟನೆ ಸರಿಯಿಲ್ಲ, ಛಾಯಾಗ್ರಹಣವಂತೂ ತೀರಾ ಕಳಪೆ, ಈ ಕಲೆ ಯಾರಿಗೂ ಗೊತ್ತಿಲ್ಲ. ಕಲಿಸಲು ಶಾಲೆ ಬೇಕು ಎಂದರು. ತಾನೇ ನೆಟ್ಟ ಗಿಡದ ಬಗ್ಗೆ ಹೀಗೆ ಹೇಳಲು ಎದೆ ಬೇಕು. ಆಗಿನ್ನೂ ಅವರು ಇದೇ ವ್ಯಾಪಾರದಲ್ಲಿದ್ದರು.

ಫಾಲ್ಕೆಯ ಡಬ್ಬಿಗಳು ಕನ್ನಡ ನಾಡಿಗೂ ಬಂದವು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಕೊಲ್ಹಾಪುರದ ಹುಡುಗನೊಬ್ಬ ಕೆಲಸಕ್ಕೆ ಸೇರಿದ್ದ. ಹಗಲು ಅಲ್ಲಿ ದುಡಿದು ರಾತ್ರಿ ತಗಡಿನ ಮಾಡಿನ ಡೆಕ್ಕನ್ ಸಿನಿಮಾದಲ್ಲಿ ಬಿಟ್ಟಿ ಚಾಕರಿ. ಸಂಬಳಕ್ಕೆ ಬದಲಾಗಿ ಸಿನಿಮಾ. ಆಮೇಲೆ ಬಾಗಿಲು ಕಾಯುವ ಕೆಲಸಕ್ಕೆ ತಿಂಗಳಿಗೆ ಐದು ರೂಪಾಯಿ ಗೊತ್ತಾಯಿತು. ಬೋರ್ಡು ಬರೆಯುವ ಕೆಲಸವೂ ಬಂತು. ಫಾಲ್ಕೆಯ ಚಿತ್ರಗಳನ್ನು ಅವನು ಅಲ್ಲಿಯೇ ನೋಡಿದ. ಗೇಟಿನ ಹುಡುಗನಿಗೆ ಒಂದು ಅನುಕೂಲವಿದೆ, ತೆರೆಯನ್ನೂ ನೋಡಬಹುದು, ತೆರೆ ನೋಡುವ ಮುಖಗಳನ್ನೂ ನೋಡಬಹುದು. ಜನ ಎಲ್ಲಿ ಮೈಮರೆತರು, ಎಲ್ಲಿ ಬೀಡಿ ಹಚ್ಚಲು ಎದ್ದರು ಎಂಬುದು ಅವನಿಗೆ ಗೊತ್ತಿರುತ್ತದೆ. ಆ ಹುಡುಗ ವಿ. ಶಾಂತಾರಾಮ್. 1985ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು.

ಫಾಲ್ಕೆಯವರು 1944ರ ಫೆಬ್ರುವರಿ 16ರಂದು ನಾಸಿಕ್‌ನಲ್ಲಿ ತೀರಿಕೊಂಡರು. ಕೊನೆಯ ಚಿತ್ರ ‘ಗಂಗಾವತರಣ’ 1937ರದು, ತಯಾರಾದದ್ದು ಕೊಲ್ಹಾಪುರದಲ್ಲಿ. ಸಿನಿಮಾಗಳ ಗತಿ? ನೈಟ್ರೇಟ್ ಫಿಲಂ ಬೇಗ ಬೆಂಕಿ ಹಿಡಿಯುತ್ತದೆ, ಇಟ್ಟಲ್ಲೇ ಪುಡಿಯಾಗುತ್ತದೆ. ಅದರಲ್ಲಿರುವ ಬೆಳ್ಳಿಗಾಗಿ ಮಾರಿ ಕರಗಿಸಿದ್ದೂ ಉಂಟು. ನಮ್ಮ ಮೂಕಿ ಯುಗದಲ್ಲಿ ಸಾವಿರಕ್ಕೂ ಮೀರಿ ಚಿತ್ರಗಳು ಬಂದವು, ಉಳಿದವು ಬೆರಳೆಣಿಕೆ. ಆ ಬೆರಳೆಣಿಕೆ ಉಳಿದದ್ದಕ್ಕೆ ಮುಖ್ಯ ಕಾರಣ ತಿರುವನಂತಪುರದ ಪಿ.ಕೆ. ನಾಯರ್. ಬಾಲ್ಯದಲ್ಲಿ ಸಿನಿಮಾ ಟಿಕೆಟುಗಳ ಚೂರುಗಳನ್ನು ಕೂಡಿಟ್ಟುಕೊಳ್ಳುತ್ತಿದ್ದ ಮನುಷ್ಯ. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ನಿಲ್ಲಿಸಿದವರು. ಫಾಲ್ಕೆ ಕುಟುಂಬದವರ ಬೆನ್ನು ಹತ್ತಿ, ಇದ್ದಬದ್ದ ತುಣುಕುಗಳನ್ನು ಜೋಡಿಸಿ 1919ರ ‘ಕಾಳಿಯ ಮರ್ದನ’ವನ್ನು ನೋಡುವಂತೆ ಮಾಡಿದರು. ‘ರಾಜಾ ಹರಿಶ್ಚಂದ್ರ’ದ ಮೊದಲ ಮತ್ತು ಕೊನೆಯ ರೀಲು ಸಿಕ್ಕವು. ಅವು 1913ರವೋ, 1917ರಲ್ಲಿ ಫಾಲ್ಕೆ ಮತ್ತೊಮ್ಮೆ ತೆಗೆದ ಚಿತ್ರದವೋ ಎಂಬ ವಾದ ಇನ್ನೂ ನಿಂತಿಲ್ಲ.

‘ಕಾಳಿಯ ಮರ್ದನ’ದ ಆರಂಭ ಸೊಗಸಾಗಿದೆ. ಕಥೆ ಶುರುವಾಗುವ ಮೊದಲೇ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ ಕ್ಯಾಮೆರಾದ ಎದುರು ನಿಂತು ಮುಖಭಾವಗಳನ್ನು ತೋರಿಸುತ್ತಾಳೆ, ಆಮೇಲೆ ಅವಳೇ ಕೃಷ್ಣನಾಗುತ್ತಾಳೆ. ಇವಳು ಒಬ್ಬ ಹುಡುಗಿ, ಇನ್ನು ದೇವರಾಗುವುದನ್ನು ನೋಡಿ ಎಂದು ಪ್ರೇಕ್ಷಕನಿಗೆ ಮುಂಚೆಯೇ ತಿಳಿಸಿದ ಹಾಗೆ. ಪೌರಾಣಿಕ ಚಿತ್ರದ ಮುಂದೆ ಜನ ಬರೀ ಕೈಮುಗಿದು ಕೂತಿದ್ದರು ಎನ್ನುವವರು ಈ ತುಣುಕನ್ನು ನೋಡಬೇಕು. ಪ್ರೇಕ್ಷಕ ಭಕ್ತಿಯಿಂದಲೂ ನೋಡುತ್ತಾನೆ, ನಟನೆ ಹೇಗಿದೆ ಎಂದೂ ಅಳೆಯುತ್ತಾನೆ ಎಂದು ಫಾಲ್ಕೆಯವರಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಗಿರ್‌ಗಾಂವ್ ಡೇರೆಯಲ್ಲಿ ಅವರು ಹಾಗೇ ಕೂತಿದ್ದರು.

ಪುಣೆಯ ಸಂಗ್ರಹಾಲಯದ ಡಬ್ಬಿಗಳು ಪಯಣ ಮಾಡಿದ ಊರುಗಳಲ್ಲಿ ಒಂದು ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಮ್ 1973ರಲ್ಲಿ ಚಿತ್ರಸಮಾಜ ಆರಂಭಿಸಿತು. ಕೆ.ವಿ. ಸುಬ್ಬಣ್ಣ ಅವರ ಹಟ ಸರಳವಾಗಿತ್ತು: ಕುರೊಸಾವಾನ ‘ರಾಶೊಮಾನ್’, ಡಿ ಸಿಕಾನ ‘ಬೈಸಿಕಲ್ ಥೀವ್ಸ್’, ರೇ ಅವರ ‘ಪಥೇರ್ ಪಾಂಚಾಲಿ’ ಪಟ್ಟಣದವರ ಸ್ವತ್ತಲ್ಲ. ಅಡಿಕೆ ತೋಟದವರೂ ಕೂಲಿಯವರೂ ಕೂತು ನೋಡಿದರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಿಂದ ಸತೀಶ್ ಬಹಾದೂರ್, ಸಂಗ್ರಹಾಲಯದಿಂದ ನಾಯರ್ ಬಂದು ರಸಗ್ರಹಣ ಶಿಬಿರ ನಡೆಸಿದರು. ಶಿವೇಂದ್ರ ಸಿಂಗ್ ಡುಂಗರ್‌ಪುರ್ ನಾಯರ್ ಅವರ ಮೇಲೆ 2012ರಲ್ಲಿ ತೆಗೆದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ಆ ಸಿನಿಮಾಗಳ ಬಗ್ಗೆ ಮಾತಾಡುತ್ತಾರೆ. ಪಂಡಿತರ ಪರಿಭಾಷೆಯಿಲ್ಲದೆ, ನೆರೆಮನೆಯವರ ಸಂಸಾರದ ಬಗ್ಗೆ ಮಾತಾಡಿದಷ್ಟು ಸಲೀಸಾಗಿ. ಬೆಂಗಳೂರಿನಲ್ಲಿ ಸುಚಿತ್ರಾ ಫಿಲಂ ಸೊಸೈಟಿ 1971ರಿಂದ ಇದೇ ಕೆಲಸ ಮಾಡುತ್ತ ಬಂತು. ಕನ್ನಡದಲ್ಲಿ ಸಿನಿಮಾ ಬರವಣಿಗೆಗೂ ಒಂದು ಹದ ಬಂತು. ಕೆ. ಪುಟ್ಟಸ್ವಾಮಿ ಅವರ ‘ಸಿನಿಮಾ ಯಾನ’ ಸಿನಿಮಾ ಕುರಿತ ಅತ್ಯುತ್ತಮ ಕೃತಿ ಎಂಬ ರಾಷ್ಟ್ರಪ್ರಶಸ್ತಿ ಪಡೆಯಿತು, ಎನ್. ಮನು ಚಕ್ರವರ್ತಿ ಅವರಿಗೆ ವಿಮರ್ಶಕ ಪ್ರಶಸ್ತಿ ಸಂದಿತು.

ಈಗಿನ ಚಿತ್ರ ಬೇರೆ. ಫಸ್ಟ್ ಡೇ ಫಸ್ಟ್ ಶೋ ಮಧ್ಯಂತರಕ್ಕೆ ಬರುವಷ್ಟರಲ್ಲಿ ಫೋನಿನಲ್ಲಿ ತೀರ್ಪು ಬಂದಿರುತ್ತದೆ. ಐದಕ್ಕೆ ಎರಡೂವರೆ ನಕ್ಷತ್ರ, ‘ಒಮ್ಮೆ ನೋಡಬಹುದು’, ‘ಸೆಕೆಂಡ್ ಹಾಫ್ ಲ್ಯಾಗ್’. ಚಿತ್ರೋದ್ಯಮಕ್ಕೂ ಇದರಿಂದ ಉರಿ. 2023ರಲ್ಲಿ ಕೇರಳ ಹೈಕೋರ್ಟಿಗೆ ಈ ಜಗಳ ಹೋಯಿತು. ನ್ಯಾಯಾಲಯಕ್ಕೆ ನೆರವಾಗಲು ನೇಮಕವಾದ ಅಮಿಕಸ್ ಕ್ಯೂರಿ, ಬಿಡುಗಡೆಯಾಗಿ 48 ಗಂಟೆ ಕಳೆಯುವವರೆಗೆ ವಿಡಿಯೊ ವಿಮರ್ಶಕರು ಸುಮ್ಮನಿರುವುದು ಒಳ್ಳೆಯದೆಂದು ಸಲಹೆ ಕೊಟ್ಟರು. ಬಾಯಿ ಮುಚ್ಚಿಸುವ ಈ ಉಪಾಯ ಸರಿಯಲ್ಲ. ದುಡ್ಡು ಕೊಟ್ಟು ನೋಡಿದವನಿಗೆ ಬಾಗಿಲಲ್ಲೇ ಬೈಯುವ ಹಕ್ಕಿದೆ, ಗೇಟಿನಲ್ಲಿ ಬೈಗುಳ ಕೇಳಿಯೇ ಶಾಂತಾರಾಮ್ ಅಂಥವರು ಕಲಿತದ್ದು. ದೂರು ಬೇರೆಯದು. ಎರಡೂವರೆ ನಕ್ಷತ್ರ ಓದಿದರೆ ತೆರೆಯ ಮೇಲೆ ಏನಿತ್ತೆಂದು ತಿಳಿಯುವುದಿಲ್ಲ. ಬೆಳಕು ಹೇಗಿತ್ತು, ಯಾವ ಮಾತಿಗೆ ಹಿಂದಿನ ಸಾಲು ನಕ್ಕಿತು, ಯಾವ ದೃಶ್ಯದಲ್ಲಿ ಜನ ಫೋನು ತೆಗೆದರು, ಇವು ಯಾವುದೂ ಅದರಲ್ಲಿಲ್ಲ. 1913ರ ಆ ಜಾಹೀರಾತು ಕಾಲಿನ ಚಮತ್ಕಾರದವನ ಹೆಸರನ್ನಾದರೂ ಉಳಿಸಿಕೊಟ್ಟಿತು.

ಸಿನಿಮಾ ನೋಡಿ ಪ್ರತಿಕ್ರಿಯಿಸುವ ಇನ್ನೊಂದು ದಾರಿಯನ್ನು ಇದೇ ನಾಸಿಕ್ ಜಿಲ್ಲೆಯ ಮಾಲೇಗಾಂವ್ ಕಂಡುಕೊಂಡಿತು. ಪವರ್‌ಲೂಮ್‌ಗಳ ಊರು. ಶುಕ್ರವಾರ ಮಗ್ಗಕ್ಕೆ ರಜೆ, ಟಾಕೀಸಿಗೆ ನೂಕುನುಗ್ಗಲು. ಅಲ್ಲಿ ವಿಡಿಯೊ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ 2000ದಲ್ಲಿ ‘ಮಾಲೇಗಾಂವ್ ಕೆ ಶೋಲೆ’ ತೆಗೆದರು. ಗಬ್ಬರ್‌ನ ಡಕಾಯಿತರಿಗೆ ಕುದುರೆಗೆ ಬದಲು ಸೈಕಲ್ಲು. ಅಣಕ ಮಾಡಬೇಕಾದರೆ ಮೂಲವನ್ನು ಶಾಟಿನ ಮಟ್ಟದಲ್ಲಿ ನೋಡಿರಬೇಕು. ‘ಶೋಲೆ’ಯ ಬಗ್ಗೆ ಬಂದ ಸಾವಿರಾರು ಪುಟಗಳಲ್ಲಿ ಕಾಣದ ಒಂದು ಓದು ಈ ಸೈಕಲ್ಲುಗಳಲ್ಲಿದೆ: ಮುಂಬೈಯ ವೈಭವದಲ್ಲಿ ನಮಗೆ ಎಟುಕುವುದೆಷ್ಟು, ಎಟುಕದ್ದೆಷ್ಟು ಎಂಬ ಲೆಕ್ಕ. ಫೈಜಾ ಅಹ್ಮದ್ ಖಾನ್ ಅವರ ಸಾಕ್ಷ್ಯಚಿತ್ರ ‘ಸೂಪರ್‌ಮೆನ್ ಆಫ್ ಮಾಲೇಗಾಂವ್’ ಇವರ ಮುಂದಿನ ಸಾಹಸವನ್ನು ಹಿಂಬಾಲಿಸಿತು. ಸೂಪರ್‌ಮ್ಯಾನ್ ವೇಷ ಹಾಕಿದ್ದು ಶಫೀಕ್ ಎಂಬ ಮಗ್ಗದ ಕೆಲಸಗಾರ.

ಇವರ ಕಥೆಯನ್ನೇ ರೀಮಾ ಕಾಗ್ತಿ ‘ಸೂಪರ್‌ಬಾಯ್ಸ್ ಆಫ್ ಮಾಲೇಗಾಂವ್’ ಮಾಡಿದರು, ಆದರ್ಶ್ ಗೌರವ್ ನಾಸಿರ್ ಆದರು. 2024ರಲ್ಲಿ ಟೊರಾಂಟೊ ಉತ್ಸವಕ್ಕೆ ಹೋಗಿ 2025ರ ಫೆಬ್ರುವರಿ 28ರಂದು ನಮ್ಮ ಟಾಕೀಸುಗಳಿಗೆ ಬಂತು. ವಿಮರ್ಶಕರು ಕೈ ಬಿಚ್ಚಿ ನಕ್ಷತ್ರ ಕೊಟ್ಟರು, ಗಲ್ಲಾಪೆಟ್ಟಿಗೆ ಮಾತ್ರ ತುಂಬಲಿಲ್ಲ. ಬಹಳ ಜನ ಅದನ್ನು ಕೆಲವು ವಾರಗಳ ನಂತರ ಮನೆಯಲ್ಲಿ ಒಟಿಟಿಯಲ್ಲಿ, ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಇಷ್ಟವಾದ ದೃಶ್ಯವನ್ನು ಎರಡೆರಡು ಸಲ ನೋಡಿದರು. ಅದಕ್ಕೆ ಎರಡನೇ ಟಿಕೆಟು ಬೇಕಾಗಲಿಲ್ಲ.